ಅರ್ಜುನನ ಸಾವು ಮತ್ತು ಎಲ್ಲರ ಕೈಯ ಕ್ಯಾಮೆರಾ

2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆ ನಡೆಯುತ್ತಿದ್ದಾಗ, ಸಲಗವೊಂದರೊಡನೆ ಕಾದಾಡಿ ಸಾಕಾನೆ ಅರ್ಜುನ ಅಸುನೀಗಿತು. 1968ರಲ್ಲಿ ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾಕ್ಕೆ ಬಿದ್ದು, ಹೆಗ್ಗಡದೇವನಕೋಟೆ ತಾಲೂಕಿನ ಬಳ್ಳೆ ಶಿಬಿರವನ್ನು ಮನೆಯಾಗಿಸಿಕೊಂಡಿದ್ದ ಈ ಆನೆ, 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಮೈಸೂರಿನ ಅಂಬಾರಿಯನ್ನು ಹೊತ್ತಿತ್ತು. ಆ ಮರಣದ ಸುದ್ದಿ ಮರುದಿನದ ಪತ್ರಿಕೆಗಾಗಿ ಕಾಯಲಿಲ್ಲ. ಸ್ಥಳದಲ್ಲಿದ್ದವರ ಮೊಬೈಲುಗಳಿಂದ ಹೊರಟ ದೃಶ್ಯಗಳು ಅಂದು ರಾತ್ರಿಯೊಳಗೇ ನಾಡಿನ ಮನೆಮನೆಯನ್ನು ತಲುಪಿದವು. ವೃತ್ತಿಪರರಲ್ಲದ ಜನಸಾಮಾನ್ಯರು ತಾವೇ ಚಿತ್ರಿಸಿ, ತಾವೇ ಹಂಚುವ ಈ ಹೊಸ ಪದ್ಧತಿ ನಮ್ಮ ಸಂಸ್ಕೃತಿಯನ್ನು ಯಾವ ದಿಕ್ಕಿಗೆ ಒಯ್ಯುತ್ತಿದೆ ಎಂಬುದನ್ನು ಅರಿಯಲು ಈ ಪ್ರಕರಣಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಮೊದಲು ಇದರ ಒಳಿತನ್ನು ಒಪ್ಪಿಕೊಳ್ಳಬೇಕು. ಕಾಡಿನ ಒಳಗೆ ನಡೆದ ಸಂಗತಿಯನ್ನು ಹಿಂದೆ ಇಲಾಖೆಯ ಪ್ರಕಟಣೆಯಿಂದ ಮಾತ್ರ ತಿಳಿಯಬೇಕಿತ್ತು. ಈ ಬಾರಿ ಹಳ್ಳಿಗರು, ಆನೆಪ್ರಿಯರು ಪ್ರಶ್ನೆ ಕೇಳಿದರು. ವಯಸ್ಸಾಯಿತೆಂದು ಅಂಬಾರಿಯಿಂದ ಬಿಡುಗಡೆ ಹೊಂದಿದ ಆನೆಯನ್ನು ಇಂತಹ ಅಪಾಯದ ಕೆಲಸಕ್ಕೆ ಏಕೆ ಕಳುಹಿಸಲಾಯಿತು ಎಂಬ ಪ್ರಶ್ನೆ ಸರಕಾರದ ಬಾಗಿಲನ್ನು ಮುಟ್ಟಿತು. ತನಿಖೆಗೆ ಆದೇಶವಾಯಿತು, ಮಡಿದಲ್ಲಿಯೂ ಬಳ್ಳೆಯಲ್ಲಿಯೂ ಸ್ಮಾರಕ ನಿರ್ಮಿಸುವುದಾಗಿ ಸರಕಾರ ಘೋಷಿಸಿತು. ದನಿ ಇಲ್ಲದವರಿಗೆ ದನಿ ದೊರೆಯಿತೆಂಬುದು ಸುಳ್ಳಲ್ಲ.

ಆದರೆ ಅದೇ ಕೈಗಳು ಇನ್ನೊಂದು ಕೆಲಸವನ್ನೂ ಮಾಡಿದವು. ಆನೆಗೆ ಗುಂಡು ತಗುಲಿತೆಂಬ ಮಾತು ಹಬ್ಬಿತು. ಅರ್ಜುನನನ್ನು ಕಳೆದುಕೊಂಡು ಗೋಳಾಡುತ್ತಿದ್ದ ಮಾವುತನ ದುಃಖ ಲಕ್ಷಾಂತರ ಜನರ ನೋಟಕ್ಕೆ ವಸ್ತುವಾಯಿತು. ಸಾವಿನ ಮನೆಯಲ್ಲಿ ಅಳುವವರ ಮುಖಕ್ಕೆ ದೀಪ ಹಿಡಿದು ನೋಡುವ ರೂಢಿ ನಮ್ಮ ಯಾವ ಸಮುದಾಯದಲ್ಲಿಯೂ ಇರಲಿಲ್ಲ.

2016ರಲ್ಲಿ ಅಂತರ್ಜಾಲ ಅಗ್ಗವಾದ ಮೇಲೆ ಹಳ್ಳಿಯ ಯುವಕರ ಕೈಗೂ ಈ ಸಾಧನ ಬಂದಿತು. 2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕನ್ನು ನಿಷೇಧಿಸಿದರೂ ಚಟ ನಿಲ್ಲಲಿಲ್ಲ. ಅದು ರೀಲ್ಸ್, ಶಾರ್ಟ್ಸ್‌ಗಳಿಗೆ ವಲಸೆ ಹೋಯಿತು. ಇಲ್ಲಿ ಬೆಲೆ ಕಟ್ಟುವುದು ಸತ್ಯಕ್ಕಲ್ಲ, ನೋಡಿದವರ ಸಂಖ್ಯೆಗೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಕಾಡಾನೆಯೊಡನೆ ಸೆಲ್ಫಿ ತೆಗೆಯಹೋದವನೊಬ್ಬ ಆನೆಯ ಕಾಲಿಗೆ ಸಿಕ್ಕಿಯೂ ಬದುಕುಳಿದ. ಅರಣ್ಯ ಇಲಾಖೆ ಅವನಿಗೆ 25,000 ರೂಪಾಯಿ ದಂಡ ವಿಧಿಸಿತು. ಅದೇ ವರ್ಷ ದಸರಾ ಆನೆಗಳ ಬಳಿ ರೀಲ್ಸ್ ಮಾಡುವುದನ್ನೂ ತಡೆಯಬೇಕಾಯಿತು.

ಇದರ ಆಳವಾದ ಪರಿಣಾಮ ಕಾಡಿನ ಮಕ್ಕಳ ಮೇಲೆ ಆಗುತ್ತಿದೆ. ಆನೆಯನ್ನು ಪಳಗಿಸುವ ವಿದ್ಯೆಯನ್ನು ಜೇನುಕುರುಬರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ವರ್ಷಗಟ್ಟಲೆ ಆನೆಯ ಜೊತೆ ಬಾಳಿ ಕಲಿಯುವ ಆ ವಿದ್ಯೆ ಅರ್ಧ ನಿಮಿಷದ ಚಿತ್ರದಲ್ಲಿ ಸೊಂಡಿಲು ಸವರುವ ಮೋಜಾಗಿ ಕುಗ್ಗುತ್ತದೆ. ಹಿಂದೆ ಇವರ ಕಥೆಯನ್ನು ಇತರರು ಹೇಳುತ್ತಿದ್ದರು. ಮಾಸ್ತಿಯವರ 'ಕಾಕನಕೋಟೆ' ನಾಟಕ 1977ರಲ್ಲಿ ಚಲನಚಿತ್ರವೂ ಆಯಿತು. ಇಂದು ಹಾಡಿಯ ಯುವಕನೇ ತನ್ನ ಅಜ್ಜಿಯ ಹಾಡನ್ನು, ತನ್ನ ನುಡಿಯನ್ನು ದಾಖಲಿಸಬಲ್ಲ. ಕ್ಯಾಮೆರಾ ಅವನ ಕೈಯಲ್ಲಿದ್ದರೆ ಅದು ದಾಖಲೆ. ಪ್ರವಾಸಿಗನ ಕೈಯಲ್ಲಿದ್ದು ಅವನ ಅನುಮತಿ ಇಲ್ಲದಿದ್ದರೆ ಅದು ಪ್ರದರ್ಶನ.

ಹಾಗಾದರೆ ದೋಷವಿರುವುದು ಹವ್ಯಾಸಿತನದಲ್ಲಿಯೇ? ಅಲ್ಲ. ಕನ್ನಡದಲ್ಲಿ 'ಹವ್ಯಾಸಿ' ಎಂಬುದು ಗೌರವದ ಮಾತು. ನಮ್ಮ ಹವ್ಯಾಸಿ ರಂಗಭೂಮಿ ಹಣದ ಆಸೆಯಿಲ್ಲದೆ ನಾಡಿಗೆ ಶ್ರೇಷ್ಠ ನಾಟಕಗಳನ್ನು ನೀಡಿತು. ಆದರೆ ಅಲ್ಲಿ ತಾಲೀಮು ಇತ್ತು, ತಿದ್ದುವ ನಿರ್ದೇಶಕನಿದ್ದ, ಎದುರಿಗೆ ಕುಳಿತ ಪ್ರೇಕ್ಷಕನಿಗೆ ಮುಖ ತೋರಿಸಬೇಕಿತ್ತು. ಅಂತರ್ಜಾಲದಲ್ಲಿಯೂ ಅಂತಹ ಮಾದರಿ ಇಲ್ಲದಿಲ್ಲ. ಕನ್ನಡ ವಿಕಿಪೀಡಿಯ 2003ರಲ್ಲಿ, ಕೊಂಕಣಿಯದು 2015ರಲ್ಲಿ, ತುಳುವಿನದು 2016ರಲ್ಲಿ ಆರಂಭವಾದವು. ಅವುಗಳನ್ನು ಬರೆಯುವವರೂ ಸಂಬಳವಿಲ್ಲದ ಜನಸಾಮಾನ್ಯರೇ. ಆದರೆ ಬರೆದುದಕ್ಕೆ ಆಧಾರ ತೋರಿಸಬೇಕು; ತಪ್ಪನ್ನು ಮತ್ತೊಬ್ಬ ತಿದ್ದಬಹುದು; ಯಾವುದನ್ನು ಯಾವಾಗ ಬದಲಿಸಲಾಯಿತೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ಹೊಣೆಗಾರಿಕೆ ಇದ್ದಲ್ಲಿ ಹವ್ಯಾಸ ಸಂಸ್ಕೃತಿಯನ್ನು ಕಟ್ಟುತ್ತದೆ, ಅದಿಲ್ಲದಲ್ಲಿ ಕೆಡವುತ್ತದೆ.

ಈ ವಿಚಾರ ನಮ್ಮ ಕುಟುಂಬಗಳಿಗೂ ಹೊರತಲ್ಲ. ಸುಳ್ಳು ಸುದ್ದಿಯ ವಿರುದ್ಧ ಜಗದ್ಗುರು ಫ್ರಾನ್ಸಿಸರು 2018ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿಯೇ ಎಚ್ಚರಿಸಿದ್ದರು. ಜೂನ್ 13ರಂದು ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗುವ ನಮ್ಮ ಮಕ್ಕಳ ಕೈಯಲ್ಲಿಯೂ ಮೊಬೈಲು ಇದೆ. ಹರಕೆ ಹೊತ್ತು ಕಣ್ಣೀರಿಡುವ ಅಪರಿಚಿತ ತಾಯಿಯನ್ನು ಚಿತ್ರಿಸುವುದು ಸಲ್ಲದೆಂದು ಅವರಿಗೆ ಹೇಳಬೇಕಾದವರು ನಾವು. ಅದೇ ಮೊಬೈಲಿನಲ್ಲಿ ಮನೆಯ ಹಿರಿಯರು ಬಲ್ಲ ಮದುವೆಯ ಹಾಡು, ಊರಿನ ಚರ್ಚು ಕಟ್ಟಿದ ಕಥೆ, ಮರೆಯಾಗುತ್ತಿರುವ ಅಡುಗೆಯ ಕ್ರಮ ಇವುಗಳನ್ನು, ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ವರ್ಷಗಳೊಡನೆ ದಾಖಲಿಸಿಡಲು ಪ್ರೋತ್ಸಾಹಿಸಬೇಕಾದವರೂ ನಾವೇ.

ಬಂದ ದೃಶ್ಯವನ್ನು ಮುಂದಕ್ಕೆ ಕಳುಹಿಸುವ ಮುನ್ನ ಮೂರು ಪ್ರಶ್ನೆ ಸಾಕು: ಇದನ್ನು ಚಿತ್ರಿಸಿದವರು ಯಾರು? ಇದರಲ್ಲಿರುವವರು ಒಪ್ಪಿದ್ದಾರೆಯೇ? ಸುಳ್ಳೆಂದು ತಿಳಿದುಬಂದರೆ ಉತ್ತರ ಹೇಳುವವರು ಯಾರು? ಮೂರನೆಯ ಪ್ರಶ್ನೆಗೆ 'ನಾನು' ಎನ್ನುವ ಧೈರ್ಯವಿಲ್ಲದಿದ್ದರೆ, ಆ ದೃಶ್ಯ ನಮ್ಮ ಮನೆಯಲ್ಲಿಯೇ ನಿಲ್ಲುವುದು ಲೇಸು.