ಮಳೆಗಾಲಕ್ಕೆ ಮುಂಚೆ ಹಳೆಮನೆ

ಮಕ್ಕಳೇ, ಈ ವಾರದ ಅಂಕಣವನ್ನು ಅಂಕೋಲೆಯ ನಮ್ಮ ಹಳೆಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಂಗೈಗೆ ಅಂಟಿದ ಹಂಚಿನ ಕೆಂಪು ಪುಡಿ ಇನ್ನೂ ಹೋಗಿಲ್ಲ. ಮೇ ತಿಂಗಳ ಕೊನೆಯ ವಾರವಿದು. ರೋಹಿಣಿ ನಕ್ಷತ್ರ ಶುರುವಾಗಿದೆ, ಇನ್ನು ಹನ್ನೆರಡು ದಿನಕ್ಕೆ ಮೃಗಶಿರ. ಬೇಲೇಕೇರಿಯಲ್ಲಿ ದೋಣಿಗಳು ದಡ ಸೇರುತ್ತಿವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿಯವರಂತೆ ಮನೆಯವರಿಗೂ ಇದು ತಯಾರಿಯ ಕಾಲ.

ಈ ಮನೆ ನನ್ನೊಬ್ಬನದಲ್ಲ. ಅಪ್ಪ, ಆಯಿ ಹೋದ ಮೇಲೆ ನಾಲ್ಕು ಪಾಲು. ದೊಡ್ಡಣ್ಣ ಈಗಿಲ್ಲ, ಅವನ ಮಗ ಬೆಂಗಳೂರಿನಲ್ಲಿದ್ದಾನೆ. ನಾನು ಕಾರವಾರದಲ್ಲಿ, ತಮ್ಮ ಮುಂಬೈಯಲ್ಲಿ, ತಂಗಿ ಧಾರವಾಡದಲ್ಲಿ. ಮೇ ರಜೆಗೆ ಮತ್ತು ಚೌತಿಗೆ ಬಾಗಿಲು ತೆರೆಯುತ್ತದೆ, ಉಳಿದಂತೆ ಬೀಗ. ಬೀಗ ಹಾಕಿದ ಮನೆಗೇ ಮಳೆಗಾಲದ ಭಯ ಹೆಚ್ಚು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಒಂದು ಹಂಚು ಜಾರಿದರೆ ಸಾಕು. ನೀರು ಪಕಾಸಿಗೆ ಇಳಿಯುತ್ತದೆ, ಪಕಾಸು ಕುಂಬಾಗುತ್ತದೆ, ಚೌತಿಗೆ ಬಂದು ನೋಡುವಾಗ ಗೋಡೆಯೇ ಉಬ್ಬಿರುತ್ತದೆ.

ಹಾಗಾಗಿ ಮೊದಲ ಕೆಲಸ ಹಂಚು ಕೈಯಾಡಿಸುವುದು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಕರಾವಳಿಯ ಹುಲ್ಲಿನ ಮಾಡುಗಳು ನಿಧಾನಕ್ಕೆ ಹಂಚಿಗೆ ತಿರುಗಿದವು. ಹಂಚು ಗಟ್ಟಿ, ಆದರೆ ಮಂಗ ಹಾರಿದರೆ ಜಾರುತ್ತದೆ, ತೆಂಗಿನಕಾಯಿ ಬಿದ್ದರೆ ಒಡೆಯುತ್ತದೆ. ಒಡೆದದ್ದು ಯಾವುದೆಂದು ತಿಳಿಯಲು ಅಪ್ಪ ಒಂದು ಉಪಾಯ ಹೇಳಿಕೊಟ್ಟಿದ್ದ. ಮಟಮಟ ಮಧ್ಯಾಹ್ನ ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಕತ್ತಲಲ್ಲಿ ನಿಂತು ಮೇಲೆ ನೋಡಬೇಕು. ಎಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲಿ ಬಿರುಕು. ಈ ಸಲ ಮಕ್ಕಳೇ ಎಣಿಸಿದರು, ಹದಿನೇಳು ಚುಕ್ಕೆ. ಹದಿನೇಳು ಹಂಚು ಬದಲಾಯಿಸಿದೆವು. ಹತ್ತುವವರು ಕೆಲಸದವರು, ನನ್ನ ಮೊಣಕಾಲಿಗೆ ಏಣಿ ಆಗದು.

ಆಮೇಲೆ ಅಂಗಳದ ಗಟಾರ ತೋಡುವುದು, ತಂತಿಗೆ ತಾಗುವ ಕೊಂಬೆ ಕಡಿಸುವುದು, ಒಣ ಕಟ್ಟಿಗೆ, ಕಾಯಿಸಿಪ್ಪೆ ಒಳಗೆ ಹಾಕುವುದು. ಪಡುವಣ ಗಾಳಿಗೆ ಇರಚಲು ಹೊಡೆಯುವ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವುದು. ಎಲ್ಲರೂ ಈಗ ನೀಲಿ ತಾಡಪಾಲು ಕಟ್ಟುತ್ತಾರೆ. ನಮ್ಮ ತಂಗಿ ಮಾತ್ರ ಪ್ರತಿ ಮೇ ತಿಂಗಳಲ್ಲಿ ಎಂಟು ದಿನ ಮೊದಲೇ ಬಂದು, ಮಡಲು ನೆನೆಸಿ, ತಾನೇ ನೇಯುತ್ತಾಳೆ.

ಈಗ ನನ್ನ ತಪ್ಪಿನ ಮಾತು ಹೇಳುತ್ತೇನೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಆಯುಷ್ಯ ಕಳೆದವನು ನಾನು. ಮನೆಗೂ ಒಂದು ಖರ್ಚಿನ ಪುಸ್ತಕ ಇಟ್ಟಿದ್ದೇನೆ, ವರ್ಷಕ್ಕೆ ತಲಾ 6,000 ರೂಪಾಯಿ. ಎರಡು ವರ್ಷದಿಂದ ತಂಗಿಯ ಹಣ ಬಂದಿರಲಿಲ್ಲ. ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಬಾಕಿ’ ಎಂದು ಬರೆದಿದ್ದೆ. ಏಕೆ ಬಂದಿಲ್ಲ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮೊನ್ನೆ ಅವಳ ಮೊಮ್ಮಗಳು ಆ ಪುಸ್ತಕ ತೆರೆದಳು. ಹತ್ತು ವರ್ಷದ ಹುಡುಗಿ.

“ಅಜ್ಜ, ನಮ್ಮ ಅಜ್ಜಿಗೆ ಮಾತ್ರ ಯಾಕೆ ಕೆಂಪಕ್ಷರ?”

ತಂಗಿ ಮೆಟ್ಟಿಲ ಮೇಲೆ ತಟ್ಟಿ ನೇಯುತ್ತಿದ್ದಳು. ತಲೆ ಎತ್ತಲಿಲ್ಲ. “ಇವರ ಔಷಧಿಗೇ ಪಿಂಚಣಿ ಎಲ್ಲ ಹೋಗ್ತದೆ ಅಣ್ಣ. ನನ್ನ ಪಾಲು ನೀವು ಮೂವರೇ ಬರೆಸಿಕೊಂಡುಬಿಡಿ” ಎಂದಳು.

ಬಾಯಿ ಕಟ್ಟಿಹೋಯಿತು. ಎಲ್ಲರಿಗೂ ಊಟ ಬಡಿಸುವಾಗಲೂ ಅವಳು ನನ್ನ ಮುಖ ನೋಡಲಿಲ್ಲ.

ಅದೇ ರಾತ್ರಿ ಗುಡುಗಿನೊಂದಿಗೆ ಮಳೆ ಬಂತು. ಹದಿನೇಳು ಹಂಚು ಬದಲಾಯಿಸಿದ ಮಾಡು, ಅಡುಗೆಮನೆಯ ಮೂಲೆಯಲ್ಲಿ ಧಾರೆಯಾಗಿ ಸೋರಿತು! ಅಣ್ಣನ ಮಗ ಟಾರ್ಚ್ ಹಿಡಿದು ಹುಡುಕಿದ. ಎಲ್ಲೂ ಒಡಕಿಲ್ಲ. ತಂಗಿ ಎದ್ದು ಬಂದವಳು ಸೀದಾ ಹೋಗಿ ಆ ಮೂಲೆಗೆ ಹಂಡೆ ಇಟ್ಟಳು. “ಹಂಚಿನದಲ್ಲ. ಆಯಿ ಇದ್ದಾಗಲೂ ಇಲ್ಲೇ ಸೋರ್ತಿತ್ತು. ದೋಣಿಯಲ್ಲಿ ಮಾವಿನೆಲೆ ತುಂಬಿದೆ” ಎಂದಳು.

ನಡುಮನೆಯ ಮಾಡೂ ಅಡುಗೆಮನೆಯ ಮಾಡೂ ಕೂಡುವಲ್ಲಿ ನೀರು ಹರಿಯಲು ಒಂದು ತಗಡಿನ ದೋಣಿ ಇದೆ. ಪಕ್ಕದಲ್ಲೇ ಕರಿ ಇಶಾಡಿನ ಮರ. ಅಂಕೋಲೆಯ ಆ ಮಾವಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಹಣ್ಣಿನ ರುಚಿ ನಿಮಗೂ ಗೊತ್ತಿರಬಹುದು. ಆದರೆ ಅದರ ಎಲೆ ದೋಣಿಯಲ್ಲಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ಏರಿ ಹಂಚಿನಡಿ ನುಗ್ಗುತ್ತದೆ. ಹಂಚು ಒಡೆಯದೇ ಇರುವುದರಿಂದ ಕತ್ತಲಲ್ಲಿ ನಿಂತು ನೋಡಿದರೆ ಚುಕ್ಕೆ ಕಾಣುವುದಿಲ್ಲ. ಬೆಳಿಗ್ಗೆ ಅವಳು ಕೆಳಗೆ ನಿಂತು ಹೇಳಿದಳು, ಅಣ್ಣನ ಮಗ ಹತ್ತಿ ಎರಡು ಬುಟ್ಟಿ ಕೊಳೆತ ಎಲೆ ತೆಗೆದ. ಮಧ್ಯಾಹ್ನದ ಮಳೆಗೆ ಒಂದು ಹನಿ ಸೋರಲಿಲ್ಲ.

ಲೆಡ್ಜರಿನಲ್ಲಿ ತಪ್ಪು ಬರೆದರೆ ಕೆರೆದು ಅಳಿಸುವಂತಿಲ್ಲ. ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಮುಂಬೈಯ ತಮ್ಮನಿಗೆ ಫೋನ್ ಮಾಡಿದೆ. ಅಣ್ಣನ ಮಗನನ್ನು ಕೇಳಿದೆ. ‘ಬಾಕಿ’ಯ ಮೇಲೆ ಗೆರೆ ಎಳೆದು, ಹೊಸದೊಂದು ಕಾಲಂ ಹಾಕಿದೆ: ‘ದುಡಿಮೆ’. ತಂಗಿಯ ಹೆಸರಿನ ಮುಂದೆ ಎಂಟು ದಿನ, ಹನ್ನೊಂದು ತಟ್ಟಿ, ಒಂದು ದೋಣಿ. ನನ್ನ ಹೆಸರಿನ ಮುಂದೆ ಏನು ಬರೆಯಲಿ ಎಂದು ತೋಚದೆ ಖಾಲಿ ಬಿಟ್ಟೆ.

ಪುಸ್ತಕ ಅವಳಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿದಳು. “ಲೆಕ್ಕ ಆಮೇಲೆ ಬರಿ ಅಣ್ಣ. ಮೋಡ ಕಟ್ಟಿದೆ, ಮೊದಲು ಆ ಕಟ್ಟಿಗೆ ಒಳಗೆ ಹಾಕು” ಎಂದಳು. ಹಾಕಿದೆ. ಈಗ ನನ್ನ ಹೆಸರಿನ ಮುಂದೆಯೂ ಒಂದು ಸಾಲಿದೆ.

ನಾಳೆ ಮೇನ್ ಸ್ವಿಚ್ ಆರಿಸಿ, ಗ್ಯಾಸಿನ ರೆಗ್ಯುಲೇಟರ್ ಕಳಚಿ, ಅಕ್ಕಿ ಡಬ್ಬ ಖಾಲಿ ಮಾಡಿ, ಬೀಗದ ಕೈ ಪಕ್ಕದ ಮನೆಗೆ ಕೊಟ್ಟು ಹೊರಡುತ್ತೇವೆ. ಹದಿನೈದು ದಿನಕ್ಕೊಮ್ಮೆ ಅವರು ಕಿಟಕಿ ತೆರೆದು ಗಾಳಿಯಾಡಿಸುತ್ತಾರೆ.

ಮಕ್ಕಳೇ, ನಿಮ್ಮ ಮನೆಯಲ್ಲಿ ಯಾವ ಮೂಲೆ ಸೋರುತ್ತದೆ, ಯಾಕೆ ಸೋರುತ್ತದೆ ಎಂದು ಯಾರಿಗೆ ಗೊತ್ತು? ಮಳೆ ಹಿಡಿಯುವ ಮೊದಲು ಅವರನ್ನು ಕೇಳಿ ತಿಳಿದುಕೊಳ್ಳಿ. ಜೊತೆಗೆ ಅವರು ಚೆನ್ನಾಗಿದ್ದಾರೆಯೇ ಎಂದೂ ಕೇಳಿ.