ದೂರದ ಲೆಕ್ಕ

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಬುಡಕಟ್ಟಿನ 31 ಮಂದಿ ದಾರ್ಫುರ್ ಸೀಮೆಯ ಅಲ್ ಫಶೀರ್‌ನಲ್ಲಿ ಸಿಕ್ಕಿಕೊಂಡರು. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ಹೋದವರು ಅವರು. ಸುದ್ದಿ ಬಂದದ್ದೇ ತಡ, ‘ಎಣ್ಣೆ ಮಾರಾಕ ಅಷ್ಟು ದೂರ ಯಾಕ ಹೋಗಬೇಕಿತ್ತು’ ಎಂಬ ಮಾತು ಕಟ್ಟೆಕಟ್ಟೆಯಲ್ಲಿ ಓಡಾಡಿತು. ಹೊಟ್ಟೆಪಾಡಿಗೆ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಬೀದರ್ ಜಿಲ್ಲೆಯ ಮಂಠಾಳದ ಕಡೆಯವರಿಗೆ ಇದಕ್ಕೆ ಉತ್ತರ ಹೇಳಿಕೊಡಬೇಕಾಗಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ: ಹೋದವರು ಸುರಕ್ಷಿತವಾಗಿ ತಿರುಗಿ ಬರುವುದು ಹೇಗೆ?

ಆಫ್ರಿಕಾ ಎಂದೊಡನೆ ಸಿಂಹ, ಹಾವು, ದರೋಡೆಕೋರರು ನೆನಪಾಗುತ್ತಾರೆ. ಆದರೆ ಜನ ವಿರಳವಾದ ದೇಶದಲ್ಲಿ ನಿಜವಾದ ಅಪಾಯವೆಂದರೆ ದೂರವೇ. ಉದಾಹರಣೆಗೆ, ನಮೀಬಿಯಾದ ವಿಸ್ತಾರ 8,24,000 ಚದರ ಕಿಲೋಮೀಟರಿಗೂ ಹೆಚ್ಚು; 2023ರ ಗಣತಿಯಲ್ಲಿ ಜನ ಸುಮಾರು 30 ಲಕ್ಷ. ಬೀದರ್ ಜಿಲ್ಲೆಯಂಥ 150 ಜಿಲ್ಲೆ ಹಿಡಿಸುವ ನೆಲದಲ್ಲಿ ಬೀದರಿನ ಎರಡು ಪಟ್ಟು ಜನವೂ ಇಲ್ಲ. ಅಲ್ಲಿ ಜಲ್ಲಿರಸ್ತೆಯಲ್ಲಿ ವೇಗವಾಗಿ ಹೋಗಿ, ಎದುರಿಗೆ ಯಾವ ಗಾಡಿಯೂ ಇಲ್ಲದೆ ತಾವೇ ಉರುಳಿಬೀಳುವ ಪ್ರವಾಸಿಗರಿದ್ದಾರೆ. ಮಂಠಾಳದಲ್ಲಿ ಒಬ್ಬ ಬಿದ್ದರೆ ನಾಲ್ಕು ಜನ ಓಡಿಬಂದು ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಸಾಗಿಸುತ್ತಾರೆ. ಕೇಸು ಕಠಿಣವಾದರೆ ಸೊಲ್ಲಾಪುರ, ಹೈದರಾಬಾದ್ ಇವೆ. ನಮೀಬಿಯಾದಲ್ಲಿ ಮುಂದಿನ ಗಾಡಿ ಬರುವವರೆಗೆ ಕಾಯಬೇಕು. ಕತ್ತಲಾದ ಮೇಲೆ ಗಾಡಿ ಓಡಿಸಬಾರದು, ನೀರಿಲ್ಲದೆ ಹೊರಡಬಾರದು, ಎಲ್ಲಿಗೆ ಹೊರಟೆವೆಂದು ಯಾರಿಗಾದರೂ ತಿಳಿಸಿರಬೇಕು ಎಂಬ ಮಾತುಗಳಿಗೆ ತೂಕ ಬರುವುದು ಇದರಿಂದಲೇ.

ಸುಡಾನಿನಂತೆ ಹಕ್ಕಿಪಿಕ್ಕಿಗಳು ವ್ಯಾಪಾರಕ್ಕೆ ಹೋಗುವ ಇನ್ನೊಂದು ದೇಶ ಗ್ಯಾಬೊನ್. ಮುಕ್ಕಾಲಿಗಿಂತ ಹೆಚ್ಚು ನೆಲ ಕಾಡು, ಜನ ಸುಮಾರು 25 ಲಕ್ಷ, ಮಲೇರಿಯಾ ವರ್ಷವಿಡೀ. ‘ಮಲೇರಿಯಾ ತಡೆಯಲು ಅಲ್ಲಿಯವರು ಮಾತ್ರೆ ನುಂಗುತ್ತಾರೆಯೇ?’ ಎಂದು ಕೇಳುವವರಿದ್ದಾರೆ. ವಾದದಲ್ಲಿ ಹುರುಳಿದೆ: ಅಲ್ಲಿ ಹುಟ್ಟಿ ಬೆಳೆದವರಿಗೆ ಮೇಲಿಂದ ಮೇಲೆ ಸೋಂಕು ತಗುಲಿ ಒಂದಿಷ್ಟು ತಡೆಶಕ್ತಿ ಬಂದಿರುತ್ತದೆ. ಆದರೆ ಅದಕ್ಕೆ ಬೆಲೆ ತೆತ್ತವರು ಅಲ್ಲಿಯ ಎಳೆಯ ಮಕ್ಕಳು. ನಮ್ಮ ಒಣಸೀಮೆಯಿಂದ ಹೋದವನಿಗೆ ಆ ಶಕ್ತಿ ಇರುವುದಿಲ್ಲ. ಅಲ್ಲಿ ಹೆಚ್ಚಾಗಿರುವ ಫಾಲ್ಸಿಪಾರಮ್ ಮಲೇರಿಯಾ ಮಿದುಳಿಗೆ ಏರಿದರೆ ಕೆಲವೇ ದಿನಗಳಲ್ಲಿ ಜೀವ ಹೋಗಬಹುದು.

ಖರ್ಚಿನ ಮಾತು ಇನ್ನೂ ಗಟ್ಟಿಯಾದದ್ದು. ಸಾಲ ಮಾಡಿ ಟಿಕೆಟ್ ಕೊಂಡವನಿಗೆ ವಿಮೆ, ಮಾತ್ರೆ, ಸೊಳ್ಳೆಪರದೆ ಎಂದರೆ ಸಿಟ್ಟು ಬರುವುದು ಸಹಜ. ಆದರೂ ಪರದೆ ಮತ್ತು ಡಾಕ್ಸಿಸೈಕ್ಲಿನ್ ಮಾತ್ರೆ ದುಬಾರಿಯಲ್ಲ. ಆ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹೊರಡುವ ಒಂದೆರಡು ದಿನ ಮೊದಲೇ ಶುರುಮಾಡಿ, ಮರಳಿದ ಮೇಲೂ 4 ವಾರ ತಪ್ಪದೆ ತೆಗೆದುಕೊಳ್ಳಬೇಕು. ಊರು ಮುಟ್ಟಿದ ಖುಷಿಯಲ್ಲಿ ಬಿಟ್ಟುಬಿಡುವುದು ಆ ಕೊನೆಯ 4 ವಾರವನ್ನೇ.

ಹಳದಿ ಜ್ವರದ ಲಸಿಕೆಗೆ ಚೌಕಾಸಿಯೇ ಇಲ್ಲ. ಒಂದು ಸಲ ಹಾಕಿಸಿಕೊಂಡರೆ ಪ್ರಮಾಣಪತ್ರ 10 ದಿನದ ನಂತರ ಜಾರಿಗೆ ಬಂದು ಬದುಕಿರುವವರೆಗೂ ನಡೆಯುತ್ತದೆ. ಅದಿಲ್ಲದೆ ಗ್ಯಾಬೊನಿನಿಂದ ಮರಳಿದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದು ಬರೀ ಕಾಗದದ ಕಾಟವಲ್ಲ. ಆ ರೋಗ ಭಾರತದಲ್ಲಿಲ್ಲ. ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಮಾತ್ರ ನಮ್ಮ ಮನೆಗಳ ನೀರಿನ ಡ್ರಮ್ಮಿನಲ್ಲೇ ಇದೆ, ನಮಗೆ ಡೆಂಗಿ ತರುವುದೂ ಅದೇ. ಲಸಿಕೆ ಸಿಗುವುದು ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ಬೀದರ್ ಕಡೆಯವರಿಗೆ ಹೈದರಾಬಾದಿನ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಅನುಕೂಲ.

ಇನ್ನು ಯುದ್ಧದಿಂದ ಪಾರಾಗುವ ಉಪಾಯ ಎಣ್ಣೆ ಮಾರುವವನ ಕೈಯಲ್ಲಿಲ್ಲ. ಅಲ್ ಫಶೀರ್‌ನಿಂದ ಪೋರ್ಟ್ ಸುಡಾನ್ ಸಾವಿರ ಕಿಲೋಮೀಟರಿಗೂ ಆಚೆ. ಸುಡಾನಿನಿಂದ ಭಾರತೀಯರನ್ನು ಕರೆತರುವ ಸರ್ಕಾರದ ‘ಆಪರೇಷನ್ ಕಾವೇರಿ’ಯ ಹಡಗು, ವಿಮಾನಗಳು ಕಾದಿದ್ದದ್ದು ಅಲ್ಲಿ. ಅಷ್ಟು ದೂರದಲ್ಲಿ ಯಾರಿದ್ದಾರೆಂದು ಸರ್ಕಾರಕ್ಕೆ ಮೊದಲೇ ಗೊತ್ತಿದ್ದರೆ ಹುಡುಕಾಟ ಸಲೀಸು. ಅದಕ್ಕಾಗಿ ಹೊರಡುವವರ ಹೆಸರು, ಫೋನ್, ಹೋಗುವ ಊರು ಗ್ರಾಮ ಪಂಚಾಯಿತಿಯಲ್ಲೇ ದಾಖಲಾಗಬೇಕು. ಜಿಲ್ಲಾಸ್ಪತ್ರೆಯಲ್ಲಿ ಲಸಿಕೆ, ಮಾತ್ರೆಗಳ ತಿಳಿವಳಿಕೆ ಸಿಗಬೇಕು. ಮರಳಿದ ಮೇಲೆ ಚಳಿಜ್ವರ ಬಂದರೆ ದವಾಖಾನೆಯವರು ಮೊದಲು ಡೆಂಗಿ, ಟೈಫಾಯ್ಡ್ ಎಂದು ಯೋಚಿಸಿಯಾರು. ‘ನಾನು ಆಫ್ರಿಕಾದಿಂದ ಬಂದೀನ್ರಿ, ಮಲೇರಿಯಾಕ್ಕ ರಕ್ತ ನೋಡ್ರಿ’ ಎಂದು ಅವತ್ತೇ ಬಾಯಿಬಿಟ್ಟು ಹೇಳಬೇಕಾದವನು ರೋಗಿಯೇ.