ಅಡ್ಡಾದಿಂದ ಸೈಟಿಗೆ ಎಷ್ಟು ಹೊಗೆ?

ಬೆಳಗ್ಗೆ ಲಿಂಗಂಪಲ್ಲಿಯ ಲೇಬರ್ ಅಡ್ಡಾದಲ್ಲಿ ಯಾದಗಿರಿ, ರಾಯಚೂರು ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಅಲ್ಲಿಂದ ಮೂವತ್ತು ಜನ ಒಂದೇ ಡಿಸಿಎಂ ಲಾರಿಯಲ್ಲಿ ನಿಂತು ಕೊಲ್ಲೂರಿನ ಸೈಟಿಗೆ (ಮೂಕಾಂಬಿಕೆಯ ಕೊಲ್ಲೂರಲ್ಲ) ಹೊರಟರೆನ್ನಿ. ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಹೋಗಿಬರಲು 3 ಲೀಟರ್ ಹಿಡಿದರೂ ತಲೆಗೆ 270 ಗ್ರಾಂ. ಅಷ್ಟೇ ದೂರಕ್ಕೆ ಕಾರಿನಲ್ಲಿ ಒಬ್ಬನೇ 2 ಲೀಟರ್ ಪೆಟ್ರೋಲ್ ಸುಡುವ ನನ್ನ ಪಾಲು 4.6 ಕೆ.ಜಿ. ಹದಿನೇಳು ಪಟ್ಟು!

ಕ್ಯಾಲಿಫೋರ್ನಿಯಾದ ಕ್ಯಾಲ್‌ಈಮಾಡ್ ತಂತ್ರಾಂಶ, ಕಟ್ಟಡ ಕೆಲಸದವರು ಕಾರು, ಪಿಕಪ್‌ಗಳಲ್ಲಿ ಬರುತ್ತಾರೆಂದೇ ಲೆಕ್ಕ ಹಿಡಿಯುತ್ತದೆ. ಆ ಲೆಕ್ಕ ಇಲ್ಲಿ ನಡೆಯದು. ಸೈಟಿನ ತಗಡಿನ ಶೆಡ್ಡಿನಲ್ಲೇ ಮಲಗುವವರ ದಿನದ ಓಡಾಟವಂತೂ ಸೊನ್ನೆ. ವರದಿಯಲ್ಲಿ ಅದು ಹಸಿರು ಅಂಕಿ. ಹಬ್ಬಕ್ಕೆ ಊರಿಗೆ ಹೋಗಿಬರುವ ಬಸ್ಸಿಗೆ ಆ ಹಾಳೆಯಲ್ಲಿ ಕಾಲಮ್ಮೇ ಇಲ್ಲ.